ಲಿಯಾನಿನಲ್ಲೊಂದು ಪರಾನ್ನ

ಮೊಮ್ಮಗಳು ಮುಂದಿನ ತಿಂಗಳು ಫ್ರಾನ್ಸಿಗೆ ಹೊರಟಿದ್ದಾಳೆ. ಮೂರೇ ದಿನ, ಒಂದೇ ಊರು, ಲಿಯಾನ್. ಮೊನ್ನೆ ಸೋಫಾದ ಮೇಲೆ ಕಾಲು ಮಡಚಿ ಕೂತು, ಫೋನಿನಲ್ಲಿ ಹೋಟೆಲುಗಳ ಫೋಟೋ ಸರಿಸುತ್ತ, "ಅಜ್ಜಿ, ಯು ವೆಂಟ್ ದೇರ್, ರೈಟ್? ಎಲ್ಲಿ ಸ್ಟೇ ಮಾಡಿದ್ರಿ, ಎಲ್ಲಿ ಊಟ ಮಾಡಿದ್ರಿ?" ಎಂದು ಕೇಳಿದಳು.

ಹೆಸರು ನನಗೆ ನೆನಪಿಲ್ಲ. ಆ ಮನೆ ಈಗ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಆದರೆ ಅವಳು ಕೇಳಿದ ಅದೇ ಪ್ರಶ್ನೆಯನ್ನು ಇಟ್ಟುಕೊಂಡು ಎಂಬತ್ತರ ದಶಕದಲ್ಲಿ ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಇಡೀ ಬೇಸಿಗೆ ಕಳೆದಿದ್ದೆವು. ಎಲ್ಲಿ ಇರುವುದು ಎನ್ನುವುದನ್ನು ನಾನೇ ಪತ್ತೆ ಮಾಡಿದೆ. ಎಲ್ಲಿ ಉಣ್ಣುವುದು ಎನ್ನುವುದನ್ನು ಇತ್ಯರ್ಥ ಮಾಡಿದವರು ನನ್ನ ಅತ್ತೆ. ಅವರು ಫ್ರಾನ್ಸನ್ನು ಭೂಪಟದಲ್ಲಿಯೂ ನೋಡಿದವರಲ್ಲ.

ನಾನು ಓದಿದ್ದು ಮಂಗಳೂರಿನ ಒಂದು ಕಾನ್ವೆಂಟಿನಲ್ಲಿ. ನಮಗೆ ಫ್ರೆಂಚ್ ಕಲಿಸುತ್ತಿದ್ದ ಸಿಸ್ಟರ್ ಲಿಯಾನ್‌ನವರು. ಆಗಲೇ ತುಂಬ ವಯಸ್ಸಾಗಿತ್ತು, ಬಿಳಿ ನಿಲುವಂಗಿಯ ತೋಳಿನಲ್ಲಿ ಯಾವಾಗಲೂ ಒಂದು ಕರ್ಚೀಫು. ಅವರ ಕ್ಲಾಸು ಊಟದ ಬೆಲ್ಲಿಗೆ ಮೊದಲಿನ ಪೀರಿಯಡ್. ಹಾಗಾಗಿಯೋ ಏನೋ, ಅವರು ಗ್ರಾಮರನ್ನೆಲ್ಲ ಊಟದ ಮೇಜಿನ ಮೇಲೆಯೇ ಕಲಿಸಿದರು. ಮೇಜಿಗೆ ಬಟ್ಟೆ ಹಾಸುವುದು, ಬ್ರೆಡ್ಡು ದಾಟಿಸುವುದು, ನೀರು ಕೇಳುವುದು. ನೋಟ್‌ಬುಕ್ಕುಗಳೇ ನಮ್ಮ ಪ್ಲೇಟು, ಫೌಂಟನ್ ಪೆನ್ನೇ ಫೋರ್ಕು. "ನಿಮ್ಮ ಊರಿನ ಹಾಗೆ ನನ್ನ ಊರಿನಲ್ಲಿಯೂ ಎರಡು ನದಿ ಬಂದು ಕೂಡುತ್ತವೆ, ಗರ್ಲ್ಸ್" ಎನ್ನುತ್ತಿದ್ದರು. ಆಮೇಲೆ ಒಂದು ಮಾತು ಹೇಳುತ್ತಿದ್ದರು. ಅವರ ಅಮ್ಮನ ಮನೆಯಲ್ಲಿ ಎಲ್ಲರೂ ಕೂರುವ ತನಕ, ಅಡಿಗೆ ಮಾಡಿದವಳೂ ಏಪ್ರನ್ ಬಿಚ್ಚಿ ಕೂರುವ ತನಕ, ಯಾರೂ ಚಮಚ ಎತ್ತುವಂತಿಲ್ಲ.

ಬೆಂಚಿನ ತುಂಬ ಇದ್ದ ಹುಡುಗಿಯರು ಅದನ್ನು ಫೇರಿ ಟೇಲ್ ಕೇಳಿದ ಹಾಗೆ ಕೇಳಿದೆವು. ನಮ್ಮ ಯಾರ ಮನೆಯಲ್ಲಿಯೂ ಅಮ್ಮ ಕೂತು ಉಂಡದ್ದನ್ನು ನಾವು ನೋಡಿರಲಿಲ್ಲ.

ಮದುವೆಯಾಗಿ ನಾನು ಅಮೆರಿಕಕ್ಕೆ ಬಂದೆ. ನನ್ನವರು ಉಡುಪಿಯ ಕಡೆಯವರು, ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಇಂಜಿನಿಯರು. ಸೌಮ್ಯ ಸ್ವಭಾವ, ಮಾತು ಕಮ್ಮಿ. ಅವರಿಗೊಂದು ವ್ರತವಿತ್ತು. ಊರಿನಿಂದ ಓದಲು ಹೊರಟ ದಿನ ಅವರ ಅಮ್ಮ ದೇವರ ಮುಂದೆ ನಿಲ್ಲಿಸಿ, ಅಂಗೈಗೆ ತುಳಸಿ ಹಾಕಿ ನೀರು ಬಿಟ್ಟು, "ಪರಾನ್ನ ಮುಟ್ಟುದಿಲ್ಲ ಅಂತ ಹೇಳು" ಎಂದಿದ್ದರಂತೆ. ಪರಾನ್ನವೆಂದರೆ ಪರರು ಮಾಡಿದ ಅನ್ನ. ಇವರು ಹೇಳಿದರು. ಹೇಳಿದ ಮೇಲೆ ಮುಗಿಯಿತು. ಸ್ಟೂಡೆಂಟ್ ಆಗಿದ್ದಾಗ ರೂಮಿನಲ್ಲಿ ಹಾಟ್‌ಪ್ಲೇಟಿನ ಮೇಲೆ ಅನ್ನ ಮಾಡಿಕೊಂಡರು, ಮದುವೆಯಾದ ಮೇಲೆ ನಾನು ಮಾಡಿದ್ದನ್ನು ಉಂಡರು. ಆಫೀಸಿಗೆ ಮೂರು ತಟ್ಟಿನ ಸ್ಟೀಲಿನ ಡಬ್ಬಿ. ಎಲ್ಲರೂ ಒಂದೊಂದು ಅಡಿಗೆ ಮಾಡಿ ತರುವ ಯುಗಾದಿ ಪಾಟ್‌ಲಕ್ಕಿಗೂ ಅದೇ ಡಬ್ಬಿ.

ಫ್ರೀಮಾಂಟಿನ ಯಾವುದೋ ಸ್ಕೂಲ್ ಹಾಲಿನಲ್ಲಿ ಬೇ ಏರಿಯಾದ ಕನ್ನಡದವರೆಲ್ಲ ಸೇರುತ್ತಿದ್ದೆವು. ಉದ್ದದ ಮೇಜಿನ ಮೇಲೆ ಬಿಸಿಬೇಳೆಬಾತು, ಹೋಳಿಗೆ, ಎರಡು ತರದ ಕೋಸಂಬರಿ. ಇವರು ಒಂದು ಮೂಲೆಯ ಕುರ್ಚಿಯಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದರು. ನನಗೆ ಆಪ್ತಳಾಗಿದ್ದ ಮಿಲ್ಪಿಟಾಸಿನ ಗೆಳತಿಯೊಬ್ಬಳಿದ್ದಳು, ಬೆಂಗಳೂರಿನವಳು. ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏನ್ ಸಾರ್, ನಮ್ಮ ಬಿಸಿಬೇಳೆಬಾತಿಗೆ ಇನ್ನೂ ವೀಸಾ ಸಿಕ್ಲಿಲ್ವಾ?"

ಇವರು ನಗುತ್ತಿದ್ದರು. "ತುಂಬ ಚೆನ್ನಾಗಿರ್ತದೆ ಅಂತ ಇವಳು ಹೇಳ್ತಾಳೆ."

"ಅವ್ಳು ಹೇಳೋದು ಬಿಡಿ, ನೀವು ವಾಸನೆನಾದ್ರೂ ನೋಡಿ. ವಾಸನೆಗೆ ವ್ರತ ಇಲ್ವಲ್ಲ."

ಇವರು ಹಳೇ ಕಾಲದ ಗಂಡನಾಗಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದರು, ಬೀನ್ಸ್ ಹೆಚ್ಚುತ್ತಿದ್ದರು, ಪ್ರತಿ ಶನಿವಾರ ಬೆಳಗ್ಗೆ ನಾನು ದೋಸೆ ಹುಯ್ಯಲು ನಿಂತಾಗ "ನೀನೂ ಕೂತುಕೋ" ಎಂದು ತಪ್ಪದೆ ಹೇಳುತ್ತಿದ್ದರು. ನಾನು ಕೂತರೆ ದೋಸೆ ಹುಯ್ಯುವವರು ಯಾರು? ಅವರಿಗಾಯಿತು, ಮಗಳಿಗಾಯಿತು, ಕೊನೆಯಲ್ಲಿ ನಾನು ಕೌಂಟರಿಗೆ ಒರಗಿ, ಮೊದಲು ಹುಯ್ದ, ಅಂಚು ಹರಿದು ತಣ್ಣಗಾದ ದೋಸೆಗಳನ್ನು ತಿನ್ನುತ್ತಿದ್ದೆ. ಅದು ಕಷ್ಟ ಎಂದು ನನಗೆ ಅನ್ನಿಸಿದ್ದಿಲ್ಲ. ಹೊರಗೆ ಊಟಕ್ಕೆ ಹೋಗುವುದೆನ್ನುವುದು ನಮಗೆ ಇರಲಿಲ್ಲ, ಅಷ್ಟೇ. ಆದರೆ ಒಂದು ಆಸೆಯಿತ್ತು. ಸಿಸ್ಟರ್ ಹೇಳಿದ ಹಾಗೆ ಬಟ್ಟೆ ಹಾಸಿದ ಮೇಜು, ಎದುರುಬದುರು ನಾವಿಬ್ಬರು, ಇನ್ನಾರೋ ಮಾಡಿ ಇನ್ನಾರೋ ಬಡಿಸಿದ್ದನ್ನು ಒಂದೇ ಹೊತ್ತಿಗೆ ಬಿಸಿಬಿಸಿಯಾಗಿ ಉಣ್ಣಬೇಕು. ಒಂದು ಸಲ ಸಾಕು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವರು ವ್ರತವನ್ನೂ ಬಿಡಲಾರದೆ ನನ್ನನ್ನೂ ನೋಯಿಸಲಾರದೆ ಒದ್ದಾಡುತ್ತಿದ್ದರು.

ಆ ವರ್ಷ ಅತ್ತೆ ಊರಿನಿಂದ ಬಂದು ನಮ್ಮ ಜೊತೆಗಿದ್ದರು. ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಮ್ಮ ಲಿನನ್ ಕ್ಲಾಸೆಟ್ಟಿನ ಟವೆಲುಗಳನ್ನೆಲ್ಲ ಮೇಲಿನ ಶೆಲ್ಫಿಗೆ ಸಾಗಿಸಿ ಅಲ್ಲಿಯೇ ದೇವರ ಕೋಣೆ ಮಾಡಿಕೊಂಡರು. ಪ್ಯಾಟಿಯೋದಲ್ಲಿ ತುಳಸಿಯ ಕುಂಡ. ಮಧ್ಯಾಹ್ನ ಅದರ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು, ಒಣಗಿ ಹಳದಿಯಾದ ಗುಡ್ಡಗಳನ್ನು ನೋಡುತ್ತ, "ಇವರ ಊರಿನ ಗುಡ್ಡೆಗೆ ಯಾರೂ ನೀರು ಹಾಕುದಿಲ್ಲವಾ?" ಎಂದು ಕೇಳುತ್ತಿದ್ದರು.

ಜೂನ್ ತಿಂಗಳಿನ ಒಂದು ಸಾಯಂಕಾಲ ಇವರು ಆಫೀಸಿನಿಂದ ಬಂದು, ಶೂ ಬಿಚ್ಚುತ್ತ, ಬಹಳ ಸಾಧಾರಣವಾದ ದನಿಯಲ್ಲಿ ಹೇಳಿದರು. "ಸೆಪ್ಟೆಂಬರಿನಲ್ಲಿ ನನ್ನನ್ನು ಒಂದು ಮೀಟಿಂಗಿಗೆ ಕಳಿಸ್ತಾರಂತೆ. ಮೂರು ರಾತ್ರಿ. ನಿನ್ನನ್ನೂ ಕರ್ಕೊಂಡು ಹೋಗಬಹುದು ಅಂದ್ರು. ಲಿಯಾನ್ ಅಂತೆ. ನಿನಗೆ ಆ ಊರು ಗೊತ್ತಲ್ಲ?"

ನಾನು ಸೌಟು ಹಿಡಿದುಕೊಂಡೇ ಡೈನೆಟ್ಟಿನ ಊಟದ ಮೇಜಿನ ಕುರ್ಚಿಯಲ್ಲಿ ಕೂತುಬಿಟ್ಟೆ.

"ಹೋಗ್ಲಿಕ್ಕೇನು, ಹೋಗಿ. ಮಗುವನ್ನು ನಾನು ನೋಡಿಕೊಳ್ತೇನೆ" ಎಂದರು ಅತ್ತೆ. ಆಮೇಲೆ, ಆ ಮನೆಯಲ್ಲಿ ಯಾರಾದರೂ ಕೇಳಲೇಬೇಕಾಗಿದ್ದ ಮಾತನ್ನು ಕೇಳಿದರು. "ಅಲ್ಲಿ ಊಟಕ್ಕೆ ಎಂತ ಮಾಡುದು?"

ಇಡೀ ಬೇಸಿಗೆ ಆ ಪ್ರಶ್ನೆ ನಮ್ಮ ಮನೆಯಲ್ಲಿ ಓಡಾಡಿತು. ಆಗ ಇಂಟರ್ನೆಟ್ಟೂ ಇಲ್ಲ, ಹೋಟೆಲುಗಳಿಗೆ ಜನ ಕೊಡುವ ಸ್ಟಾರುಗಳೂ ಇಲ್ಲ. ಏನಾದರೂ ತಿಳಿಯಬೇಕಾದರೆ ಫೋನು ಮಾಡಬೇಕು, ಮಾಡಿದರೆ ಎಲ್ಲರಿಗೂ ಒಂದೊಂದು ಅಭಿಪ್ರಾಯ. ಮೆನುವಿನಲ್ಲಿ ಕ್ರೀಮ್ ಎಂದು ಬರೆದಿದ್ದರೂ ಒಳಗೆ ಕೋಳಿಯ ಸಾರು ಇರುತ್ತದೆ ಎಂದರು ಒಬ್ಬರು. ಬ್ರೆಡ್ಡು, ಬಾಳೆಹಣ್ಣು, ಮುಗಿಯಿತು ಎಂದರು ಇನ್ನೊಬ್ಬರು. ಮಿಲ್ಪಿಟಾಸಿನ ಗೆಳತಿ ಮಾತ್ರ ಪ್ರ್ಯಾಕ್ಟಿಕಲ್.

"ಹೋಟ್ಲು ಬೇಡ ಕಣ್ರೀ. ಕಿಚನ್ ಇರೋ ರೂಮ್ ತಗೊಳ್ಳಿ. ಸೂಟ್‌ಕೇಸಲ್ಲಿ ರೈಸ್ ಕುಕ್ಕರ್ ಇಡಿ. ನಾವು ಡಿಸ್ನಿಲ್ಯಾಂಡ್‌ಗೆ ಹೋದಾಗ ಬಾತ್‌ರೂಮಲ್ಲಿ ಪುಳಿಯೋಗರೆ ಕಲಸಿದೀನಿ, ಗೊತ್ತಾ?"

"ಹಾಗಾದರೆ ಲಿಯಾನಿಗೆ ಹೋಗಿಯೂ ನಾನೇ ಅಡಿಗೆ ಮಾಡಬೇಕು."

"ಮತ್ತಿನ್ಯಾರು ಮಾಡ್ತಾರೆ? ಏನ್ ಹನಿಮೂನಾ ನಿಮ್ದು?"

ಹನಿಮೂನ್ ನಮಗೆ ಆಗಿರಲಿಲ್ಲ. ಮದುವೆಯಾದ ವಾರಕ್ಕೆ ಇವರು ವಾಪಸು ಬಂದಿದ್ದರು, ನಾನು ವೀಸಾ ಸಿಕ್ಕಿದ ಮೇಲೆ.

ಲೈಬ್ರರಿಯಲ್ಲಿ ಒಂದು ಗೈಡ್‌ಬುಕ್ ಸಿಕ್ಕಿತು. ಅದರಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಮನೆ. ನೇಕಾರರ ಬೆಟ್ಟದ ಮೇಲೆ, ನಾಲ್ಕೇ ಕೋಣೆ, ಬಾಡಿಗೆಗೆ ಬಂದವರು ಅಡಿಗೆಮನೆ ಬಳಸಬಹುದು, ಬೇಕಾದರೆ ಸಂಜೆ ಮನೆಯ ಊಟವೂ ಉಂಟು. ಬೆಳಗ್ಗೆ ಏಳಕ್ಕೆ, ಅಲ್ಲಿ ಸಂಜೆಯಾಗುವ ಹೊತ್ತಿಗೆ, ಫೋನು ಹಚ್ಚಿದೆ. ಸಿಸ್ಟರ್ ಹೋದ ಮೇಲೆ ಫ್ರೆಂಚ್ ಬರುವವರ ಜೊತೆ ನಾನು ಮಾತಾಡಿಯೇ ಇರಲಿಲ್ಲ. ಆ ಕಡೆಯ ಹೆಂಗಸು ಪೂರ್ತಿ ಕೇಳಿಸಿಕೊಂಡು, "ಮಾದಾಮ್, ನೀವು ನನ್ನ ಅಜ್ಜಿಯ ಹಾಗೆ ಮಾತಾಡುತ್ತೀರಿ. ಈಗ ಯಾರೂ ಇಷ್ಟು ಮರ್ಯಾದೆಯಿಂದ ಕೋಣೆ ಕೇಳುವುದಿಲ್ಲ" ಎಂದಳು. ಕೋಣೆ ಸಿಕ್ಕಿತು.

ಸೀರಿಯಲ್ ತಿನ್ನುತ್ತಿದ್ದ ಮಗಳು ತಲೆ ಎತ್ತಿ, "ಅಮ್ಮ, ಯು ಸೌಂಡ್ ಲೈಕ್ ಯು ಆರ್ ಪ್ರೇಯಿಂಗ್" ಎಂದಳು.

ಅಂದಿನಿಂದ ನಾನು ಒಲೆಯ ಮುಂದೆ ನಿಂತು ಪ್ರ್ಯಾಕ್ಟೀಸ್ ಶುರು ಮಾಡಿದೆ. ಹುಳಿ ಕುದಿಯುವಾಗ ನೀರು ಕೇಳುವುದು, ಒಗ್ಗರಣೆ ಸಿಡಿಯುವಾಗ ಉಪ್ಪು ಕೇಳುವುದು. ಅತ್ತೆ ಮಣೆಯ ಮೇಲೆ ಕೂತು ಬೆಂಡೆಕಾಯಿ ಒರೆಸುತ್ತ ಕೇಳುತ್ತಿದ್ದರು.

"ಈಗ ಹೇಳಿದ್ದು ಎಂತದು?"

"ಇಬ್ಬರಿಗೆ ಒಂದು ಮೇಜು ಬೇಕು ಅಂತ, ಅತ್ತೆ."

ಅತ್ತೆ ಬೆಂಡೆಕಾಯಿ ಒರೆಸುವುದನ್ನು ನಿಲ್ಲಿಸಿದರು.

ಮುಂದಿನ ಶನಿವಾರ ದೋಸೆ. ಇವರೂ ಮಗಳೂ ತಿಂದು ಎದ್ದಿದ್ದರು. ನಾನು ಕೌಂಟರಿಗೆ ಒರಗಿ ನನ್ನ ತಣ್ಣನೆಯ ದೋಸೆ ತಿನ್ನುತ್ತಿದ್ದೆ. ಅತ್ತೆ ಹತ್ತಿರ ಬಂದು ನಿಂತು ಪ್ಲೇಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನೀನು ಬಿಸಿ ದೋಸೆ ತಿಂದದ್ದು ಯಾವಾಗ ಮಾರಾಯ್ತಿ?"

"ಅಮ್ಮನ ಮನೆಯಲ್ಲಿ ಇರಬೇಕು, ಅತ್ತೆ. ಮದುವೆಗೆ ಮೊದಲು."

"ನಾನೂ ಹಾಗೇ" ಎಂದರು. ಆಮೇಲೆ ಟ್ಯಾಪು ತಿರುಗಿಸಿ ಕೈ ತೊಳೆದುಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು. "ನಿನ್ನ ಮಾವನೂ ನಾನೂ ಒಟ್ಟಿಗೆ ಕೂತು ಉಂಡದ್ದು ಒಂದೇ ಸರ್ತಿ. ತಿರುಪತಿಗೆ ಹೋಗುವಾಗ ಯಾವುದೋ ಸ್ಟೇಶನ್ನಿನಲ್ಲಿ ರೈಲು ತುಂಬ ಹೊತ್ತು ನಿಂತಿತ್ತು. ಪೇಪರಿನ ಮೇಲೆ ಅವಲಕ್ಕಿ ಹಾಕಿ, ಆ ಕಡೆಯಿಂದ ಅವರು, ಈ ಕಡೆಯಿಂದ ನಾನು. ಒಗ್ಗರಣೆ ಸಹ ಇರ್ಲಿಲ್ಲ ಅದಕ್ಕೆ." ಟ್ಯಾಪು ನಿಲ್ಲಿಸಿದರು. "ಈಗಲೂ ಅದರ ರುಚಿ ಬಾಯಲ್ಲುಂಟು."

ಮರುವಾರ ಏಕಾದಶಿ. ದ್ವಾದಶಿಯ ಬೆಳಗ್ಗೆ ಪಾರಣೆಗೆ ಮುಂಚೆ, ಆಫೀಸಿಗೆ ಹೊರಟು ಟೈ ಕಟ್ಟಿಕೊಳ್ಳುತ್ತಿದ್ದ ಇವರನ್ನು ಅತ್ತೆ ಲಿನನ್ ಕ್ಲಾಸೆಟ್ಟಿನ ಮುಂದೆ ಕರೆದರು.

"ಕೈ ಒಡ್ಡು."

"ಎಂತದಮ್ಮ?"

"ಒಡ್ಡು ಅಂದೆ."

ಅಂಗೈಯಲ್ಲಿ ಒಂದು ದಳ ತುಳಸಿ ಇಟ್ಟು, ಉದ್ಧರಣೆಯಿಂದ ನೀರು ಬಿಟ್ಟರು. "ಪರಾನ್ನ ಬೇಡ ಅಂತ ಕಟ್ಟಿದ್ದು ನಾನು. ಇವತ್ತು ಬಿಡಿಸಿದೆ. ನೀರು ಕೆಳಗೆ ಬಿಡು."

ಇವರು ನೀರು ಬಿಡಲಿಲ್ಲ. ಅಂಗೈ ಹಾಗೇ ಚಾಚಿಕೊಂಡು ನಿಂತರು. ಕಾರ್ಪೆಟ್ಟಿನ ಮೇಲೆ ಒಂದೊಂದೇ ಹನಿ ಬೀಳುತ್ತಿತ್ತು. "ಅಮ್ಮ, ಅದು ಹಾಗೆಲ್ಲ ಬಿಡುವಂಥದ್ದಲ್ಲ."

"ಯಾಕಲ್ಲ? ವ್ರತ ಅಂದ ಮೇಲೆ ಉದ್ಯಾಪನೆ ಉಂಟು. ಉದ್ಯಾಪನೆ ಇಲ್ಲದಿದ್ರೆ ಅದು ವ್ರತ ಅಲ್ಲ, ಹಟ. ನೀನು ಇಲ್ಲಿ ಹಾಳಾಗಿ ಹೋಗ್ತಿ ಅಂತ ಹೆದರಿ ಕಟ್ಟಿದ್ದು. ಬಂದು ನೋಡಿದೆ. ಹಾಳಾಗ್ಲಿಲ್ಲ. ಸಾಕು."

"ಈಗ ಯಾಕೆ?"

"ಇವಳು ಅಲ್ಲಿಗೆ ಹೋಗಿಯೂ ಒಲೆ ಮುಂದೆ ನಿಲ್ಲುದು ಬೇಡ. ಇಬ್ಬರೂ ಕೂತು ಉಂಡು ಬನ್ನಿ. ಮಾಂಸ, ಮೀನು, ಮೊಟ್ಟೆ, ನೀರುಳ್ಳಿ, ಬೆಳ್ಳುಳ್ಳಿ ಬೇಡ. ಉಳಿದದ್ದನ್ನು ಅವಳು ಕೇಳಿ ತರಿಸ್ತಾಳೆ, ಭಾಷೆ ಬರ್ತದಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಉದ್ಯಾಪನೆಗೆ ದಂಪತಿಗೆ ಊಟ ಹಾಕ್ಲಿಕ್ಕುಂಟು. ಅದು ನೀವು ಬಂದ ಮೇಲೆ ಮಾಡುವ" ಎಂದರು.

ಇವರು ನೀರು ಬಿಟ್ಟರು. ಆದರೆ ಮರುದಿನವೂ ಡಬ್ಬಿ ತೆಗೆದುಕೊಂಡೇ ಆಫೀಸಿಗೆ ಹೋದರು, ಅದರ ಮರುದಿನವೂ. ಆಗಸ್ಟ್ ಕಳೆಯಿತು. ಪರರ ಮನೆಯ ಒಂದು ಲೋಟ ಮಜ್ಜಿಗೆಯನ್ನೂ ಅವರು ಮುಟ್ಟಲಿಲ್ಲ. ಹೊರಡುವ ಮುನ್ನಾದಿನ ನಾನು ಸೂಟ್‌ಕೇಸು ತೆರೆದಾಗ ನನ್ನ ಎರಡು ರೇಷ್ಮೆ ಸೀರೆಗಳ ನಡುವೆ ರೈಸ್ ಕುಕ್ಕರ್ ಕೂತಿತ್ತು. ಪಕ್ಕದಲ್ಲಿ ಅಕ್ಕಿ, ಅವಲಕ್ಕಿ, ಚಟ್ನಿಪುಡಿ. ಇಟ್ಟವರು ಇವರೇ. ಸೀರೆಗೆ ಪುಡಿ ತಾಗದ ಹಾಗೆ ಇನ್ನೊಂದು ಕವರು ಸುತ್ತಿ ಮುಚ್ಚಿದೆ.

ಲಿಯಾನಿನ ಆ ಮನೆಯ ಮಾಡು ಬಹಳ ಎತ್ತರ. ಹಿಂದೆ ಅಲ್ಲಿ ರೇಷ್ಮೆಯ ಮಗ್ಗಗಳಿದ್ದವಂತೆ, ಅವುಗಳ ಎತ್ತರಕ್ಕೆ ಮನೆ ಕಟ್ಟಿದ್ದರಂತೆ. ಕಿಟಕಿ ತೆರೆದರೆ ಕೆಳಗೆ ಕೆಂಪು ಹೆಂಚಿನ ಸೂರುಗಳು. ನನಗೆ ಮಂಗಳೂರಿನ ಗುಡ್ಡೆಯ ಮೇಲೆ ನಿಂತ ಹಾಗಾಯಿತು. ಮನೆಯೊಡತಿ ಗಿಡ್ಡ, ದಪ್ಪ, ಕೆಂಪು ಕೈಗಳ ಹೆಂಗಸು. ಬಾಗಿಲಲ್ಲೇ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಇವರು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು.

ಅಡಿಗೆಮನೆಗೆ ಹೋಗಲು ಇವರಿಗೆ ಸಂಕೋಚ. ಕೋಣೆಯಲ್ಲಿಯೇ ಅಕ್ಕಿ ತೊಳೆದು ನೀರು ಹಾಕಿ, ಏರ್‌ಪೋರ್ಟಿನಲ್ಲಿ ಕೊಂಡ ಅಡಾಪ್ಟರ್ ಪಿನ್ನೊಂದನ್ನು ಸಿಕ್ಕಿಸಿ ಕುಕ್ಕರಿನ ಸ್ವಿಚ್ಚು ಒತ್ತಿದರು. ಟಪ್ ಎಂದಿತು. ಸುಟ್ಟ ವಾಸನೆ ಬಂತು. ನಮ್ಮ ಕೋಣೆ, ಮೆಟ್ಟಿಲು, ಕೆಳಗಿನ ಹಾಲು ಎಲ್ಲ ಕಡೆ ದೀಪ ಆರಿತು.

ಅಮೆರಿಕದ ಕುಕ್ಕರಿಗೆ ಬೇಕಾದ್ದು ನೂರಹತ್ತು ವೋಲ್ಟು. ಯುರೋಪಿನಲ್ಲಿ ಇರುವುದು ನಮ್ಮ ಊರಿನ ಹಾಗೆ ಇನ್ನೂರಿಪ್ಪತ್ತು. ಇನ್ನೂರಿಪ್ಪತ್ತರಲ್ಲೇ ಹುಟ್ಟಿ ಬೆಳೆದು, ಮಿಲ್ಪಿಟಾಸಿನಲ್ಲಿ ದಿನವೂ ಪವರ್ ಸಪ್ಲೈ ಡಿಸೈನ್ ಮಾಡುತ್ತಿದ್ದ ಮನುಷ್ಯ ಆ ಕುಕ್ಕರಿನ ಮುಂದೆ ಮಂಡಿಯೂರಿ ಕೂತಿದ್ದರು.

"ಆಫೀಸಿನಲ್ಲಿ ಯಾರಿಗೂ ಹೇಳಬೇಡ" ಎಂದರು.

ಮನೆಯೊಡತಿ ಟಾರ್ಚು ಹಿಡಿದು ಬಂದಳು. ಬೈಯಲಿಲ್ಲ. ಕುಕ್ಕರಿನ ಮುಚ್ಚಳ ತೆಗೆದು, ನೀರಿನಲ್ಲಿ ಮುಳುಗಿದ ಅಕ್ಕಿಯನ್ನು ನೋಡಿ, ನನ್ನ ಕಡೆ ತಿರುಗಿದಳು. "ನನ್ನ ಮೇಜಿಗೆ ಏನಾಗಿದೆ, ಮಾದಾಮ್?"

ಸಿಸ್ಟರ್ ಕಲಿಸಿದ ಅಷ್ಟೂ ಫ್ರೆಂಚಿನಲ್ಲಿ ಆ ಸಂಜೆ ನನಗೆ ಬೇಕಾದದ್ದು ಒಂದೇ ಪದ, ಸಾನ್. 'ಇಲ್ಲದೆ' ಎಂದು ಅದರ ಅರ್ಥ. ಮಾಂಸ ಇಲ್ಲದೆ, ಮೀನು ಇಲ್ಲದೆ, ಮೊಟ್ಟೆ ಇಲ್ಲದೆ, ಈರುಳ್ಳಿ ಇಲ್ಲದೆ, ಬೆಳ್ಳುಳ್ಳಿ ಇಲ್ಲದೆ, ಎಲುಬಿನ ಸಾರು ಇಲ್ಲದೆ, ವೈನ್ ಇಲ್ಲದೆ. ಕತ್ತಲೆಯಲ್ಲಿ, ಕಾನ್ವೆಂಟಿನ ಲಿಟನಿ ಪ್ರಾರ್ಥನೆಯ ಹಾಗೆ, ಒಂದೊಂದಾಗಿ ಹೇಳುತ್ತ ಹೋದೆ. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿ, ಮುಗಿದ ಮೇಲೆ, "ಆಯಿತು. ಆಲೂಗಡ್ಡೆ, ಹಾಲು, ಬೇಳೆ ನಿಮ್ಮ ದೇವರಿಗೆ ಆಗುತ್ತದೆಯೋ?" ಎಂದಳು. ಆಗುತ್ತದೆ ಎಂದೆ. "ನಾಳೆ ಏಳು ಗಂಟೆಗೆ ಕೆಳಗೆ ಬನ್ನಿ."

ಇವರು, "ನಾಳೆ ನೋಡುವ" ಎಂದರು. ಅಂದು ಅವಲಕ್ಕಿ ನೆನೆಸಿ ತಿಂದೆವು. ಮಾರನೆಯ ದಿನಕ್ಕೂ ಅದರ ಮಾರನೆಯ ದಿನಕ್ಕೂ ಆಗುವಷ್ಟು ಅವಲಕ್ಕಿ ಇನ್ನೂ ಇತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನ ಇವರು ಮೀಟಿಂಗಿನಲ್ಲಿದ್ದಾಗ ನಾನು ಒಬ್ಬಳೇ ಬೆಟ್ಟ ಇಳಿದು ಎರಡು ನದಿಗಳು ಕೂಡುವ ಜಾಗದವರೆಗೆ ನಡೆದೆ. ಒಂದು ಹಸಿರು, ಒಂದು ಕಂದು. ಸ್ವಲ್ಪ ದೂರ ಬಣ್ಣ ಬೆರೆಯದೆ ಪಕ್ಕಪಕ್ಕದಲ್ಲಿಯೇ ಹರಿದು ಹೋಗುತ್ತಿದ್ದವು. ಸಿಸ್ಟರ್ ಇದನ್ನು ಹೇಳಿರಲಿಲ್ಲ. ಅಲ್ಲಿಯೇ ಒಂದು ಕಟ್ಟೆಯ ಮೇಲೆ ಕೂತು ಅವರನ್ನು ನೆನೆದು ಸ್ವಲ್ಪ ಕಣ್ಣೀರು ಹಾಕಿದೆ. ಸಂಜೆ ಏಳಕ್ಕೆ ಇವರು ಬಾರದಿದ್ದರೆ ನಾನೊಬ್ಬಳೇ ಮೇಜಿಗೆ ಹೋಗುವುದೋ, ಮೇಲೆಯೇ ಕೂತು ಜೊತೆಗೆ ಅವಲಕ್ಕಿ ತಿನ್ನುವುದೋ ಎಂದು ಬಹಳ ಯೋಚಿಸಿದೆ. ಅವಲಕ್ಕಿಯೇ ಎಂದು ತೀರ್ಮಾನ ಮಾಡಿಕೊಂಡು ಮೇಲೆ ಹತ್ತಿದೆ.

ಇವರು ಆಗಲೇ ಬಂದು, ಸ್ನಾನ ಮಾಡಿ, ಶರ್ಟು ಬದಲಾಯಿಸಿ, ತಲೆ ಬಾಚಿಕೊಂಡು ಮಂಚದ ತುದಿಯಲ್ಲಿ ಕೂತಿದ್ದರು. "ನೀನು ಆ ಹಸಿರು ಸೀರೆ ಉಟ್ಟುಕೋ" ಎಂದರು.

ಕೆಳಗಿನ ಕೋಣೆಯಲ್ಲಿ ಮೂರೇ ಮೇಜು. ಒಂದರಲ್ಲಿ ಯಾರೋ ಸೇಲ್ಸ್‌ಮನ್, ಒಂದು ಮನೆಯೊಡತಿಯದು, ಕಿಟಕಿಯ ಪಕ್ಕದ್ದು ನಮ್ಮದು. ಬಿಳಿ ಬಟ್ಟೆ, ಜಗ್ಗಿನಲ್ಲಿ ನೀರು. ಅವಳೇ ತಂದಿಟ್ಟಳು. ಬೇಯಿಸಿದ ಹಸಿರು ಬೇಳೆ, ಹಾಲಿನಲ್ಲಿ ಬೇಯಿಸಿ ಮೇಲೆ ಕೆಂಪಗೆ ಮಾಡಿದ ಆಲೂಗಡ್ಡೆ, ಬ್ರೆಡ್ಡು. ಆಮೇಲೆ ಏಪ್ರನ್ ಬಿಚ್ಚಿ ತನ್ನ ಮೇಜಿಗೆ ಹೋಗಿ ಕೂತಳು. ಕೂತು, ನಮ್ಮ ಕಡೆ ನೋಡಿದಳು. ಸೇಲ್ಸ್‌ಮನ್ ಕೂಡ ಚಮಚ ಎತ್ತಿರಲಿಲ್ಲ. ಇವರ ಕೈಗಳು ಮೇಜಿನ ಕೆಳಗಿದ್ದವು. ನಾನೂ ಎತ್ತಲಿಲ್ಲ. ಆಲೂಗಡ್ಡೆಯ ಮೇಲೆ ಹಬೆ ಏಳುತ್ತಿತ್ತು.

ಇವರು ಜಗ್ಗಿನಿಂದ ಬಲ ಅಂಗೈಗೆ ಸ್ವಲ್ಪ ನೀರು ಹಾಕಿಕೊಂಡರು. ಮನೆಯಲ್ಲಿ ಬಾಳೆಲೆಗೆ ಮಾಡುವ ಹಾಗೆಯೇ, ತುಟಿಯಲ್ಲಿ ಮಂತ್ರ ಹೇಳುತ್ತ, ಆ ಪಿಂಗಾಣಿ ಪ್ಲೇಟಿನ ಸುತ್ತ ನೀರು ಕಟ್ಟಿದರು. ಬಿಳಿ ಬಟ್ಟೆಯ ಮೇಲೆ ಒದ್ದೆಯ ಒಂದು ವೃತ್ತ ಮೂಡಿತು. ಬೇಳೆಯ ಕೆಲವು ಕಾಳುಗಳನ್ನು ಎತ್ತಿ ಪ್ಲೇಟಿನ ಬಲಕ್ಕೆ ಸಾಲಾಗಿ ಇಟ್ಟರು. ಮನೆಯೊಡತಿ ಅದನ್ನು ನೋಡಿ ತಾನೂ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಮೊದಲ ತುತ್ತನ್ನು ಇವರು ತುಂಬ ಹೊತ್ತು ಅಗಿದರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ನುಂಗಿದರು.

"ಉಪ್ಪು ಸ್ವಲ್ಪ ಕಮ್ಮಿ" ಎಂದರು. ಆಮೇಲೆ ನನ್ನ ಪ್ಲೇಟಿನ ಕಡೆ ನೋಡಿ, "ನಿನ್ನದು ಬಿಸಿ ಉಂಟಾ?"

"ಉಂಟು" ಎಂದೆ. ನಾಲಿಗೆ ಸುಟ್ಟುಹೋಗಿತ್ತು.

ಕೊನೆಯಲ್ಲಿ ಒಂದು ಬಟ್ಟಲು ಬಂತು. ಗಿಣ್ಣಿನ ಹಾಗೆ ಬೆಳ್ಳಗಿದ್ದ ಹಸಿ ಚೀಸು, ಅದಕ್ಕೆ ಉಪ್ಪು, ಸಣ್ಣಗೆ ಹೆಚ್ಚಿದ ಸೊಪ್ಪು. ಆ ಊರಿನ ಸ್ಪೆಶಾಲಿಟಿಯಂತೆ. ಇವರು ವಾಸನೆ ನೋಡಿ, ಬ್ರೆಡ್ಡನ್ನು ಚೂರು ಮಾಡಿ ಅದರೊಳಗೆ ಹಾಕಿ ಕಲಸಿದರು. ಕೈಯಿಂದಲೇ. ಎರಡು ತುತ್ತು ತಿಂದು, "ಇದು ಮೊಸರನ್ನವೇ" ಎಂದು, ಮನೆಗೆ ಬಂದವರ ಹಾಗೆ ಕುರ್ಚಿಗೆ ಒರಗಿದರು. ಉಳಿದ ಸಂಜೆಯೂ ನಾವು ಅದೇ ಮೇಜಿನಲ್ಲಿ ಉಂಡೆವು.

ಮಗು, ನಿನಗೆ ನಾನು ಹೇಳುವುದು ಇಷ್ಟೇ. ಬೆಟ್ಟ ಹತ್ತು. ಮಾಡು ಎತ್ತರವಿರುವ ಮನೆಗಳ ಕಡೆ ಹೋಗು. ಅಡಿಗೆ ಮಾಡಿದವಳು ತಾನೂ ಕೂತು ಉಣ್ಣುವ ಜಾಗ ಸಿಕ್ಕಿದರೆ ಅಲ್ಲೇ ಇರು.

ವಾಪಸು ಬಂದಾಗ ಅತ್ತೆ ಬಾಗಿಲಲ್ಲೇ ಕೇಳಿದರು. "ಎಂತ ಉಂಡ್ರಿ?"

"ಬಟಾಟೆ, ಅಮ್ಮ" ಎಂದರು ಇವರು.

"ಅಷ್ಟು ದೂರ ಹೋಗಿ ಬಟಾಟೆಯಾ." ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

ಆ ಶನಿವಾರ ಉದ್ಯಾಪನೆ ಎಂದರು. ಮಿಲ್ಪಿಟಾಸಿನ ಗೆಳತಿಯನ್ನೂ ಅವಳ ಗಂಡನನ್ನೂ ಕರೆಯುತ್ತಾರೆ ಎಂದುಕೊಂಡು ನಾನು ಬೇಗ ಎದ್ದು ತಲೆಗೆ ಸ್ನಾನ ಮಾಡಿ ಬಂದೆ. ಅಡಿಗೆಮನೆಯೊಳಗೆ ಅತ್ತೆ ನನ್ನನ್ನು ಬಿಡಲಿಲ್ಲ. ಡೈನೆಟ್ಟಿನ ಮೇಜಿನ ಮೇಲೆ ನಮ್ಮ ಹಾಸಿಗೆಯ ಬಿಳಿ ಶೀಟೊಂದನ್ನು ಮಡಿಸಿ ಹಾಸಿತ್ತು. ಎದುರುಬದುರು ಎರಡು ತಟ್ಟೆ. ತಟ್ಟೆಯ ಪಕ್ಕ ವೀಳ್ಯದೆಲೆ ಸಿಗದೆ ಇಟ್ಟ ಎರಡು ಅಡಿಕೆ, ಒಂದೊಂದು ಬಾಳೆಹಣ್ಣು.

"ಅವರು ಎಷ್ಟು ಹೊತ್ತಿಗೆ ಬರ್ತಾರೆ, ಅತ್ತೆ?"

"ಯಾರು?"

"ದಂಪತಿ."

"ಬಂದಾಗಿದೆ. ಕೂತುಕೊಳ್ಳಿ."

ನಾವು ಕೂತೆವು. ಮಗಳು ಪೈಜಾಮದಲ್ಲಿಯೇ ಬಂದು, "ವೈ ಈಸ್ ಅಮ್ಮ ಸಿಟಿಂಗ್?" ಎಂದಳು. ಕಾವಲಿಯಿಂದ ನೇರ ನನ್ನ ತಟ್ಟೆಗೆ ಮೊದಲ ದೋಸೆ ಬಂತು. ಅಂಚು ಗರಿಗರಿ, ನಡುವೆ ಬೆಣ್ಣೆ ಇನ್ನೂ ಕರಗುತ್ತಿತ್ತು. ಎರಡನೆಯದು ಇವರಿಗೆ. ನಾವು ಮುಟ್ಟಲಿಲ್ಲ. ಸಿಸ್ಟರಿನ ಮಾತು ನನಗೆ ನೆನಪಾಗಿತ್ತು, ಇವರಿಗೆ ಆ ಮನೆಯೊಡತಿಯ ಬಿಚ್ಚಿಟ್ಟ ಏಪ್ರನ್ ನೆನಪಾಗಿತ್ತಂತೆ.

"ಯಾಕೆ, ಎಂತ ಕಮ್ಮಿಯಾಯ್ತು?" ಎಂದರು ಅತ್ತೆ, ಸಟ್ಟುಗ ಹಿಡಿದುಕೊಂಡು.

"ನೀವೂ ಕೂತುಕೊಳ್ಳಿ, ಅತ್ತೆ."

"ನಾನು ಕೂತರೆ ದೋಸೆ ಹುಯ್ಯುವವರು ಯಾರು?"

ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದ ಅದೇ ಮಾತು. ಇವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಹೇ, ಉದ್ಯಾಪನೆಯ ಎಲೆ ಬಿಟ್ಟು ಏಳುದಿಲ್ಲ. ಕೂತ್ಕೋ" ಎಂದು ಅತ್ತೆ ಗದರಿಸಿದರು. "ಮೊದಲು ನಿಮ್ಮಿಬ್ಬರದು ಆಗಲಿ."

ನಮ್ಮಿಬ್ಬರದು ಆಯಿತು, ಬಿಸಿಬಿಸಿಯಾಗಿ, ಒಟ್ಟಿಗೆ. ಆಮೇಲೆ ಇವರು ಕೈ ತೊಳೆದು ಬಂದು, ಅಮ್ಮನ ಕೈಯಿಂದ ಸಟ್ಟುಗ ತೆಗೆದುಕೊಂಡು, ಎರಡೂ ಭುಜ ಹಿಡಿದು ಅವರನ್ನು ನನ್ನ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಇವರ ಮೊದಲ ದೋಸೆ ಒಂದು ಕಡೆ ದಪ್ಪ, ಒಂದು ಕಡೆ ತೂತು, ಹಬೆಯಾಡುತ್ತಿತ್ತು. ಅತ್ತೆ ಅದರ ತುದಿ ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ನಡುವೆ ಹಸಿ ಉಂಟು" ಎಂದರು. ಆಮೇಲೆ, ಕಣ್ಣು ತೆರೆಯದೆಯೇ, "ಇನ್ನೊಂದು ಹಾಕು" ಎಂದರು.